ಬಾಜೂ ಮನಿಯವರು ನಾಯಿನ್ನ ಓಣಿಗೆ ಬಿಡ್ತಾರ: ಮೊದಲು ಏನು ಮಾಡಬೇಕು, ಆಮೇಲೆ ಏನು?

ಸಪ್ತಾಪುರ_ಓಣಿ

ಧಾರವಾಡ, ಸಪ್ತಾಪುರ ಕಡೆ ಓಣಿ. ಸಾಕಿದ ನಾಯಿ, ಕೊರಳಾಗ ಕೆಂಪು ಪಟ್ಟಾ ಅದ. ಮುಧೋಳ ಮಿಶ್ರ ತಳಿ, ಗಂಡು, ವಯಸ್ಸು ಎರಡರ ಆಸುಪಾಸು. ಮುಂಜಾನಿ ಆರರಿಂದ ಎಂಟರ ತನಕ, ಸಂಜಿ ಏಳರ ಮ್ಯಾಲೆ ಹೊರಗ ಇರ್ತದ. ಸೈಕಲ್ ಮ್ಯಾಲೆ ಟ್ಯೂಷನ್‌ಗೆ ಹೋಗೋ ಹುಡುಗ್ರ ಬೆನ್ನು ಹತ್ತತದ, ಮಂದಿ ಅಂಗಳದಾಗ ಹೊಲಸು ಮಾಡ್ತದ. ಇನ್ನೂ ಯಾರನ್ನೂ ಕಡಿದಿಲ್ಲ. ನಾಯಿಗೆ ತ್ರಾಸ ಆಗಬಾರದು, ಬಾಜೂ ಮನಿಯವರ ಜೋಡಿ ಮಾತೂ ನಿಲ್ಲಬಾರದು. ಯಾವ ಕ್ರಮದಾಗ ಹೋಗಬೇಕು, ಕಾನೂನಿನಾಗ ಯಾವುದು ನಿಲ್ತದ ಯಾವುದು ನಿಲ್ಲೂದಿಲ್ಲ, ತಿಳಿದವರು ಬಿಡಿಸಿ ಹೇಳ್ರಿ.

ಕೇಶ್ವಾಪುರ_ಕಾಕೂ

ಮೊದಲು ಹದಿನೈದು ದಿನ ಬರದು ಇಡ್ರಿ. ಒಂದು ಸಣ್ಣ ವಹಿ ಸಾಕು. ತಾರೀಖು, ಗಂಟೆ, ನಾಯಿ ಯಾವ ಕಡಿಂದ ಹೊರಗ ಬಂತು, ಆಗ ಗೇಟ್ ಯಾರು ತಗದಿದ್ರು, ಎಷ್ಟೊತ್ತಿಗೆ ಒಳಗ ಹೋತು, ನಡುವ ಏನು ಮಾಡ್ತು. ಇದರಾಗ "ಯಾವ ಕಡಿಂದ ಬಂತು" ಅನ್ನೋದೇ ಮುಖ್ಯ. ಓಣಿ ಮಂದಿ ಎಲ್ಲಾರೂ "ಬೇಕಂತಲೇ ಬಿಡ್ತಾರ" ಅಂತಾರ. ಬರದು ನೋಡಿದ್ರ ಭಾಳ ಸಲ ಬ್ಯಾರೆನ ಕಾಣ್ತದ: ಹಾಲಿನವ ಬಂದು ಹೋದ ಮ್ಯಾಲೆ ಚಿಲಕ ಬಿದ್ದಿರೂದಿಲ್ಲ, ಕಸದ ಗಾಡಿ ಸೀಟಿ ಹೊಡದಾಗ ಬಕೆಟ್ ಹಿಡಕೊಂಡು ಓಡಿ ಬಂದವರು ಗೇಟ್ ಹಂಗ ಬಿಟ್ಟಿರ್ತಾರ, ಇಲ್ಲಾ ಹಿಂದಿನ ಗ್ವಾಡಿ ಬುಡದಾಗ ಕಿಂಡಿ ಇರ್ತದ. ಬೇಕಂತ ಬಿಡೋರಿಗೆ ಹೇಳೋ ಮಾತು ಬ್ಯಾರೆ, ನಾಯಿ ತಪ್ಪಿಸಿಕೊಂಡು ಬರೋ ಮನಿಯವರಿಗೆ ಹೇಳೋ ಮಾತು ಬ್ಯಾರೆ.

ಸಿಸಿಟಿವಿ ಇದ್ರ ಆ ದೃಶ್ಯ ಅವತ್ತೇ ಪೆನ್‌ಡ್ರೈವಿಗೆ ಇಳಿಸಿಕೊಳ್ರಿ. ಮನಿ ಕ್ಯಾಮೆರಾದ ರೆಕಾರ್ಡಿಂಗ್ ಡಬ್ಬಿ ಜಾಗ ತುಂಬಿದ ಕೂಡಲೇ ಹಳೇದರ ಮ್ಯಾಲೆ ಹೊಸದು ಬರಕೊಂತ ಹೋಗ್ತದ, ಒಂದು ವಾರ ಎರಡು ವಾರ ಆದ ಮ್ಯಾಲೆ ಹುಡುಕಿದ್ರ ಸಿಗೂದಿಲ್ಲ.

ಆಮೇಲೆ ಮಾತು. ನಾಯಿ ಹೊರಗ ಇದ್ದಾಗ, ಗೇಟ್ ಮುಂದ, ನಾಕು ಮಂದಿ ಎದುರು ಮಾತಾಡಬ್ಯಾಡ್ರಿ. ಅವಮಾನ ಆದವರು ನಾಯಿ ಬಿಟ್ಟು ನಿಮ್ಮನ್ನ ನೋಡ್ತಾರ. ರವಿವಾರ ಸಂಜಿ ಚಾ ಹೊತ್ತಿಗೆ ಒಬ್ಬರೇ ಹೋಗ್ರಿ. ಮನಿ ಯಜಮಾನರ ಜೋಡಿ ಅಷ್ಟೇ ಅಲ್ಲ, ನಾಯಿಗೆ ಅನ್ನ ಹಾಕೋರು ಯಾರಿದ್ದಾರೋ ಅವರೂ ಕೂತಿರಲಿ, ಗೇಟ್ ತಗಿಯೋ ಕೈ ಅವರದೇ. "ನಿಮ್ಮ ನಾಯಿ ಹಿಂಗ ಮಾಡ್ತದ" ಅಂತ ಸುರು ಮಾಡೋಕಿಂತ "ಮಂಗಳವಾರ ಮುಂಜಾನಿ ಕಾರಿನ ಗಾಲಿಗೆ ಇಷ್ಟರಾಗ ಸಿಗ್ತಿತ್ತು, ತಪ್ಪಸ್ಯಾರ" ಅಂತ ಖರೇ ನಡೆದದ್ದು ಒಂದು ಹೇಳ್ರಿ. ಕೇಳೋದು ಒಂದೇ ಕೆಲಸ ಕೇಳ್ರಿ. "ನಾಯಿ ಸರಿಯಾಗಿ ನೋಡಿಕೊಳ್ರಿ" ಅಂದ್ರ ಯಾರೂ ಏನೂ ಮಾಡೂದಿಲ್ಲ. "ಮುಂಜಾನಿ ಆರರಿಂದ ಎಂಟರ ತನಕ ಟ್ಯೂಷನ್ ಹುಡುಗ್ರು ಓಡಾಡ್ತಾರ, ಅಷ್ಟೊತ್ತು ಸಣ್ಣ ಗೇಟಿಗೆ ಕೀಲಿ ಹಾಕಿರ್ತೀರೇನು?" ಅಂದ್ರ ಹೂಂ ಇಲ್ಲಾ ಊಹೂಂ ಬರ್ತದ. ಎರಡು ವಾರ ಬಿಟ್ಟು ಮತ್ತ ನೋಡ್ರಿ.

ಗೋಕುಲ್‌ರೋಡ್_ವೆಲ್ಡಿಂಗ್

ಕಾಕೂ ಹೇಳಿದ ಕಿಂಡಿ ವಿಷಯ ಬಿಡಿಸಿ ಹೇಳ್ತೀನಿ. ನಾಯಿ ಕಿಂಡಿ ಅಂದ್ರ ಮಂದಿ ಮೈ ಅಳತಿ ನೋಡ್ತಾರ, ನೋಡಬೇಕಾದ್ದು ತಲಿ. ತಲಿ ಹೊಕ್ಕರ ಎದಿ ಒಂಚೂರು ಓರೆ ಮಾಡಿ ಮೈಯೆಲ್ಲಾ ಹೊಂಡತೈತಿ. ಮುಧೋಳ ನಾಯಿ ತಲಿ ಉದ್ದ ಐತಿ, ಅಗಲ ಇಲ್ಲ, ಎದಿ ಆಳ ಐತಿ ಆದ್ರ ಅಡ್ಡಕ್ಕ ಸಣ್ಣದು. ನಾಕೂವರಿ ಐದು ಇಂಚ್ ಸಂದಿ ಬಿಟ್ಟ ಗೇಟ್ ಅದಕ್ಕ ಬಾಗಲಾನ ಸೈ. ಅದಕ್ಕ ಸರಳು ಹೆಚ್ಚಿಗಿ ಕೂಡ್ಸೂಕಿಂತ ಗೇಟಿನ ಒಳಮೈಗೆ ಕೆಳಗಿಂದ ಮೂರು ಫೂಟ್ ತನಕ ವೆಲ್ಡ್ ಮೆಶ್ ಜಾಳಿ ಹಚ್ಚೂದು ಛಲೋ. ಎರಡು ಇಂಚ್ ಚೌಕ, ಹತ್ತು ಗೇಜ್ ತಂತಿ. ಕೋಳಿಗೂಡಿಗೆ ಹಾಕೋ ತೆಳು ಜಾಳಿ ಹಾಕಬ್ಯಾಡ್ರಿ, ಹಲ್ಲಿನಿಂದ ಜಗ್ಗಿ ಕಿತ್ತತೈತಿ, ಕಿತ್ತ ತಂತಿ ತುದಿ ಬಾಯಿಗೆ ಚುಚ್ಚತೈತಿ. ಜಾಳಿ ಒಳಗಿನ ಮೈಗೇ ಇರಬೇಕು. ಹೊರಗ ಹಚ್ಚಿದ್ರ ನಾಯಿ ಒಳಗಿಂದ ದೂಕಿದ ಪೆಟ್ಟೆಲ್ಲಾ ವೆಲ್ಡಿಂಗ್ ಟಾಕಾ ಮ್ಯಾಲೆ ಬಿದ್ದು ಬಿಚ್ಚತೈತಿ. ವೆಲ್ಡಿಂಗ್ ಆದ ಮ್ಯಾಲೆ ರೆಡ್ ಆಕ್ಸೈಡ್ (ತುಕ್ಕು ತಡಿಯೋ ಬಣ್ಣ) ಒಂದು ಕೋಟ್ ಹೊಡಸ್ರಿ, ಇಲ್ಲಾಂದ್ರ ಒಂದ ಮಳಿಗಾಲಕ್ಕ ಟಾಕಾ ತಿಂದು ಬಿಡತೈತಿ.

ಚಿಲಕ ಭಾಳ ಕಡೆ ತಪ್ಪಿರತೈತಿ. ಮ್ಯಾಲಿಂದ ಕೆಳಗ ಬೀಳೋ ಕೊಂಡಿ ಇದ್ರ ಶ್ಯಾಣ್ಯಾ ನಾಯಿ ಮೂಗಿನಿಂದ ಎತ್ತತೈತಿ. ಗೇಟ್ ಎರಡು ಮೂರು ಸಲ ದೂಕಿ ನೋಡತೈತಿ, ಕೊಂಡಿ ಕುಣಿಯೂದು ಕಂಡತೈತಿ, ಆಮೇಲೆ ಮೂಗು ಕೆಳಗ ಹಾಕಿ ಮ್ಯಾಲಕ್ಕ ಒತ್ತತೈತಿ. ಒಮ್ಮೆ ಕಲತ್ರ ಮರಿಯೂದಿಲ್ಲ. ಅಲ್ಲಿ ಆಲ್ಡ್ರಾಪ್ (ಅಡ್ಡ ಸರಸೋ ಅಗಳಿ) ಹಾಕ್ಸ್ರಿ. ಅದನ್ನ ಎತ್ತಿ ತಿರುಗ್ಸಿ ಸರಸಬೇಕು, ನಾಯಿಗೆ ಎರಡು ಕೆಲಸ ಕೂಡೇ ಆಗೂದಿಲ್ಲ.

ಗೇಟ್ ತಾನ ಮುಚ್ಚಬೇಕು ಅಂದ್ರ ಸಣ್ಣ ಗೇಟಿಗೆ ಸ್ಪ್ರಿಂಗ್ ಬೇಕಂತಿಲ್ಲ. ಮ್ಯಾಲಿನ ಬಿಜಾಗರಿಯ ಗೂಟ ಕೆಳಗಿನದಕ್ಕಿಂತ ಅರ್ಧ ಇಂಚ್ ಚಿಲಕದ ಕಡೆ ಸರಿಸಿ ಕೂಡಿಸಿದ್ರ ಗೇಟ್ ತಗದಾಗ ಒಂಚೂರು ಎತ್ತರಕ್ಕ ಏರತೈತಿ, ಕೈ ಬಿಟ್ರ ತನ್ನ ಭಾರಕ್ಕ ತಾನ ಬಂದು ಮುಚ್ಚತೈತಿ. ಮೂರು ಫೂಟಿನ ಒಂಟಿ ಬಾಗಲದ ಗೇಟಿಗೆ ಇದು ಸರಿ. ಕಾರ್ ಹೋಗೋ ದೊಡ್ಡ ಗೇಟಿಗೆ ಮಾಡಬ್ಯಾಡ್ರಿ, ಗಾಳಿಗೆ ಬೀಸಿ ಬಂದು ಮಂದಿಗೆ ಬಡೀತೈತಿ.

ಕಾಂಪೌಂಡ್ ನಾಕು ಫೂಟ್ ಇದ್ರ ಮುಧೋಳಕ್ಕ ಅದು ಗ್ವಾಡೀನ ಅಲ್ಲ. ಮ್ಯಾಲೆ ಆ್ಯಂಗಲ್ ನಿಲ್ಸಿ ಒಂದೂವರಿ ಫೂಟ್ ಜಾಳಿ ಹಾಕ್ಬೇಕು, ಅದು ಒಳಗಿನ ಕಡೆ ವಾಲಿರಬೇಕು. ನಾಯಿ ಹಾರೂ ಮುಂದ ಮ್ಯಾಲೆ ನೋಡತೈತಿ, ತಲಿ ಮ್ಯಾಲೆ ಚಪ್ಪರ ಇದ್ದಂಗ ಕಂಡ್ರ ಹಾರೂದಿಲ್ಲ. ಗಾಜಿನ ಚೂರು ಕೂಡಿಸಿದ ಗ್ವಾಡಿ ನಾಯಿ ಹೊಟ್ಟಿ ಸೀಳತೈತಿ, ಅದು ಬ್ಯಾಡ.

ಗದಗ_ಎರಿಹೊಲ

ವೆಲ್ಡಿಂಗ್ ಅಣ್ಣಾರು ಹೇಳಿದ್ದರ ಜೋಡಿ ನೆಲದ ಮಾತೂ ಸೇರಬೇಕು. ಧಾರವಾಡ ಕೆಂಪು ಮಣ್ಣಿನ ಕಡೆ ಅಷ್ಟು ಇಲ್ಲ. ಹುಬ್ಬಳ್ಳಿ ಪೂರ್ವದ ಕಡೆ, ಅಣ್ಣಿಗೇರಿ, ಗದಗ ಎಲ್ಲಾ ಎರಿ ಭೂಮಿ. ಬ್ಯಾಸಿಗ್ಯಾಗ ಎರಿ ಬಿರೀತದ, ಕಾಂಪೌಂಡ್ ಪಾಯಾ ತೆಳು ಇದ್ರ ಗ್ವಾಡಿ ಬುಡಕ್ಕೂ ಮಣ್ಣಿಗೂ ನಡುವ ಕೈ ಹೋಗುವಷ್ಟು ಸಂದಿ ಬೀಳ್ತದ. ನಾಯಿ ಆ ಸಂದಿಯಿಂದಲೇ ಕೆದರೋದು ಸುರು ಮಾಡ್ತದ. ಮ್ಯಾಲೆ ಮಣ್ಣು ಹಾಕಿ ತುಳಿದ್ರ ಮಾರನೇ ದಿನ ಮತ್ತ ಕೆದರ್ತದ. ಗ್ವಾಡಿ ಒಳಬದಿಗೆ ಉದ್ದಕ್ಕೂ ಶಹಾಬಾದ್ ಫರಸಿ, ಒಂದೂವರಿ ಫೂಟ್ ಅಗಲ, ಹಾಸಿ ಬಿಡ್ರಿ. ಒಡದ ತುಂಡುಗಳೂ ನಡೀತಾವು. ನಾಯಿ ಗ್ವಾಡಿಗೆ ಹತ್ತಿಯೇ ಕೆದರ್ತದ, ಹಿಂದ ಸರದು ದೂರದಿಂದ ಸುರಂಗ ತೋಡೋ ಬುದ್ಧಿ ಅದಕ್ಕಿಲ್ಲ. ಎರಿ ಉಬ್ಬಿ ಇಳಿಯೋ ಮಣ್ಣು, ಕಾಂಕ್ರೀಟ್ ಹಾಕಿದ್ರ ಒಂದೆರಡು ವರ್ಷಕ್ಕ ಸೀಳ್ತದ. ಬಿಡಿ ಫರಸಿ ಮಣ್ಣಿನ ಜೋಡಿ ಏರಿ ಇಳೀತದ, ಒಡಿಯೂದಿಲ್ಲ.

ಪಶುವೈದ್ಯ_ಹಾವೇರಿ

ಗೇಟು ಗೋಡೆ ಸರಿ. ನಾಯಿ ಯಾಕೆ ಹೊರಗೆ ಹೋಗುತ್ತದೆ ಅನ್ನುವುದು ಗೊತ್ತಾಗದಿದ್ದರೆ ಅದು ಇನ್ನೊಂದು ದಾರಿ ಹುಡುಕುತ್ತದೆ.

ಎರಡು ವರ್ಷದ ಗಂಡು, ಸಂತಾನಹರಣ ಆಗಿಲ್ಲದಿದ್ದರೆ ಮೊದಲ ಕಾರಣ ಬೆದೆಯ ವಾಸನೆ. ಹೆಣ್ಣು ನಾಯಿ ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಬೆದೆ ಮೂರು ವಾರದಷ್ಟು ಇರುತ್ತದೆ. ಬೀದಿ ನಾಯಿಗಳಲ್ಲಿ ಮಳೆಗಾಲದ ಕೊನೆಗೆ, ಶ್ರಾವಣ ಭಾದ್ರಪದದ ಹೊತ್ತಿಗೆ ಇದು ಜೋರು. ಆ ದಿನಗಳಲ್ಲಿ ಊಟ ಬಿಟ್ಟು ಗೋಡೆ ಹಾರುವ ಗಂಡು ನಾಯಿಗೆ ಬೈದು ಹೊಡೆದು ಉಪಯೋಗವಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿದರೆ ಅಲೆದಾಟ ಬಹಳ ಮಟ್ಟಿಗೆ ತಗ್ಗುತ್ತದೆ, ಆದರೆ ಮರುದಿನವೇ ಅಲ್ಲ. ಹಾರ್ಮೋನ್ ಇಳಿದು ಸ್ವಭಾವ ಬದಲಾಗಲು ಕೆಲವು ವಾರ ಬೇಕು. ಆಮೇಲೂ ತಿಂಗಳೊಪ್ಪತ್ತು ಬೆದೆಯ ಹೆಣ್ಣಿನಿಂದ ದೂರ ಇಡಬೇಕು, ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆ. ಹತ್ತು ದಿನ ಓಟ, ಸ್ನಾನ ಇಲ್ಲ, ಗಾಯ ನೆಕ್ಕದಂತೆ ಕೊರಳಿಗೆ ಕೋನ್.

ಎರಡನೆಯ ಕಾರಣ ಹಸಿವು. ಮಧ್ಯಾಹ್ನ ಉಳಿದ ರೊಟ್ಟಿ ಸಾರು ಒಂದು ಹೊತ್ತು ಹಾಕಿ ಬಿಟ್ಟರೆ ನಾಯಿ ಮುಂಜಾನೆ ಚಿಕನ್ ಅಂಗಡಿ ಮುಂದೆ ಹೋಗಿ ಕೂರುತ್ತದೆ. ದಿನಕ್ಕೆ ಎರಡು ಹೊತ್ತು, ಗೊತ್ತಾದ ವೇಳೆಗೆ ಹಾಕಬೇಕು, ಅದೂ ತಿರುಗಾಡಿಸಿ ಒಳಗೆ ಕರೆತಂದ ಕೂಡಲೇ. ಮನೆಗೆ ಮರಳಿದರೆ ಊಟ ಅನ್ನುವುದು ನಾಯಿಗೆ ಹತ್ತು ಹದಿನೈದು ದಿನದಲ್ಲಿ ರೂಢಿಯಾಗುತ್ತದೆ.

ಮೂರನೆಯದು ಮುಧೋಳದ ರಕ್ತ. ಇದು ಕಣ್ಣಿನಿಂದ ಬೇಟೆ ಹಿಡಿಯುವ ತಳಿ, ಮೊಲ ಓಡಿದರೆ ಬೆನ್ನಟ್ಟುವುದಕ್ಕೇ ಸಾಕಿದ್ದು. ಸೈಕಲ್ ಹೋದರೆ ಅಟ್ಟುವುದು ಸಿಟ್ಟಿನಿಂದಲ್ಲ, ಚಲಿಸುವುದು ಕಂಡರೆ ಕಾಲು ತಾನೇ ಓಡುತ್ತದೆ. ಇಂಥ ನಾಯಿಯನ್ನು ದಿನವೆಲ್ಲಾ ಆರು ಅಡಿ ಸರಪಳಿಗೆ ಕಟ್ಟಿದರೆ ಬಿಟ್ಟ ಕ್ಷಣ ಇನ್ನೂ ಜೋರಾಗಿ ನುಗ್ಗುತ್ತದೆ, ಕಟ್ಟಿದಲ್ಲಿ ದಾಟಿದವರ ಮೇಲೆ ಏರುತ್ತದೆ. ಮುಂಜಾನೆ ಸಂಜೆ ತಲಾ ನಲವತ್ತು ನಿಮಿಷ ಹಗ್ಗ ಹಿಡಿದು ನಡೆಸಬೇಕು. ವಾರದಲ್ಲಿ ಎರಡು ಮೂರು ಸಲ ಬೇಲಿ ಇರುವ ಬಯಲಿನಲ್ಲಿ ಹತ್ತು ಮೀಟರ್ ಉದ್ದದ ಹಗ್ಗಕ್ಕೆ ಕಟ್ಟಿ ಓಡಿಸಬೇಕು. ಬೇಸಿಗೆಯಲ್ಲಿ ಡಾಂಬರು ರಸ್ತೆ ಅಂಗೈ ಇಟ್ಟರೆ ಸುಡುವ ಹೊತ್ತಿಗೆ ಕರೆದೊಯ್ಯಬಾರದು, ಪಾದ ಬೊಬ್ಬೆ ಬರುತ್ತದೆ.

ಅಂಗಳದಲ್ಲಿ ಕಟ್ಟಲೇಬೇಕಾದರೆ ಎರಡು ಕಂಬದ ನಡುವೆ ಏಳು ಅಡಿ ಎತ್ತರದಲ್ಲಿ ತಂತಿ ಎಳೆದು, ಅದರ ಮೇಲೆ ಓಡುವ ಬಳೆಗೆ ಹಗ್ಗ ಹಾಕಿ. ಹಗ್ಗ ತಿರುಚಿಕೊಳ್ಳದಂತೆ ನಡುವೆ ತಿರುಗುವ ಕೊಂಡಿ ಇರಲಿ. ತಂತಿ ಗೋಡೆಯ ಹತ್ತಿರ ಬಾರದಂತೆ ಎರಡೂ ತುದಿಗೆ ತಡೆ ಬೇಕು. ಇಲ್ಲದಿದ್ದರೆ ನಾಯಿ ಗೋಡೆ ಹಾರಿ ಆಚೆ ಕಡೆ ಕೊರಳಿಗೆ ನೇತಾಡುತ್ತದೆ. ಉರುಳು ಬೀಳುವ ಪಟ್ಟಾ ಕಟ್ಟಿ ಬಿಟ್ಟು ಹೋಗಬೇಡಿ.

ವಿದ್ಯಾನಗರ_ಬಾಲ್ಕನಿ

ಗೇಟಿಗೆ ನೀಲಿ ನೀರಿನ ಬಾಟ್ಲಿ ಕಟ್ಟಿದ್ರ ನಾಯಿ ಬರೂದಿಲ್ಲ ಅಂತಾರಲ್ರಿ, ನಮ್ಮ ಓಣಿಯಾಗ ಮನಿಗೆರಡು ಅದಾವು. ಇಲ್ಲಾ ಅಂದ್ರ ಖಾರಪುಡಿ, ಫಿನಾಯಿಲ್, ಡಾಂಬರ ಗುಳಿಗಿ?

ಪಶುವೈದ್ಯ_ಹಾವೇರಿ

ಬಾಟ್ಲಿಯಿಂದ ಏನೂ ಆಗುವುದಿಲ್ಲ. ನಾಯಿಗೆ ನೀಲಿ ಬಣ್ಣ ಚೆನ್ನಾಗಿ ಕಾಣುತ್ತದೆ, ಅದಕ್ಕೆ ಗೊಂದಲವಾಗುವುದು ಕೆಂಪು ಹಸಿರು. ಹೊಸ ವಸ್ತು ಅಂತ ಒಂದೆರಡು ದಿನ ಸುತ್ತಿ ಹೋಗಬಹುದು, ಆಮೇಲೆ ಅದೇ ಬಾಟ್ಲಿಗೆ ಕಾಲೆತ್ತುತ್ತದೆ. ಖಾರಪುಡಿ ಕಣ್ಣು ಮೂಗಿಗೆ ಹಿಂಸೆ, ಗಾಳಿಗೆ ಹಾರಿ ಮಕ್ಕಳ ಕಣ್ಣಿಗೂ ಬೀಳುತ್ತದೆ. ಡಾಂಬರ ಗುಳಿಗೆ ನುಂಗಿದರೆ ನಾಯಿಗೆ ವಿಷ, ಮಕ್ಕಳಿಗೂ ವಿಷ. ಫಿನಾಯಿಲ್ ಅಂಗಾಲಿಗೆ ಹತ್ತಿ, ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ.

ಉಚ್ಚೆ ಹೊಯ್ದ ಜಾಗಕ್ಕೇ ನಾಯಿ ಮತ್ತೆ ಮತ್ತೆ ಬರುವುದು ವಾಸನೆಯ ಗುರುತಿಗೆ. ಅಮೋನಿಯಾ ವಾಸನೆಯ ಕ್ಲೀನರ್ ಹಾಕಿದರೆ ಅದು ಇನ್ನೊಂದು ನಾಯಿಯ ಗುರುತಿನಂತೆ ಅನಿಸಿ ಮೇಲೆ ಮತ್ತೆ ಹೊಯ್ಯುತ್ತದೆ. ಬಿಳಿ ವಿನಿಗರ್ ಒಂದು ಪಾಲು, ನೀರು ಒಂದು ಪಾಲು ಕಲಸಿ ತೊಳೆದು, ಒಣಗಿದ ಮೇಲೆ ಅಡಿಗೆ ಸೋಡಾ ಉದುರಿಸಿ ಗುಡಿಸಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಅದರ ಮೇಲೆ ವಿನಿಗರ್ ಬೇಡ, ಮಬ್ಬು ಕಲೆ ಬೀಳುತ್ತದೆ. ಅಲ್ಲಿ ಸೋಪಿನ ಪುಡಿ ಸಾಕು.

ಹೊಲಸು ಮಾತ್ರ ಅವತ್ತೇ ತೆಗೆಯಬೇಕು. ನಾಯಿಯ ಕೊಕ್ಕೆಹುಳು, ದುಂಡುಹುಳುಗಳ ಮೊಟ್ಟೆ ಅದರಲ್ಲಿ ಇರುತ್ತವೆ, ದುಂಡುಹುಳುವಿನವು ಮಣ್ಣಿಗೆ ಸೇರಿದರೆ ತಿಂಗಳುಗಟ್ಟಲೆ ಉಳಿದು ಮಣ್ಣಾದ ಕೈಯಿಂದ ಮಕ್ಕಳ ಬಾಯಿಗೆ ಹೋಗುತ್ತವೆ, ಕೊಕ್ಕೆಹುಳುವಿನ ಮರಿ ಬರಿಗಾಲಲ್ಲಿ ಆಡುವ ಮಕ್ಕಳ ಚರ್ಮಕ್ಕೆ ಹತ್ತುತ್ತದೆ. ಬೂದಿ ಇಲ್ಲಾ ಒಣ ಮಣ್ಣು ಉದುರಿಸಿ ಸಲಿಕೆಯಿಂದ ಎತ್ತಿ. ಬಾಜೂ ಮನೆಯವರನ್ನು ಕೇಳಬೇಕಾದ ಮಾತು: ಮೂರು ತಿಂಗಳಿಗೊಮ್ಮೆ ಜಂತುಹುಳದ ಔಷಧ ಹಾಕುತ್ತಾರಾ?

ಕೇಶ್ವಾಪುರ_ಕಾಕೂ

ಆನ್‌ಲೈನ್‌ದಾಗ ನಾಯಿ ಬಂದ್ರ ನೀರು ಚಿಮ್ಮೋ ಯಂತ್ರ ತೋರಸ್ತಾರ. ವಾರಕ್ಕೊಮ್ಮೆ ನಳ ಬರೋ ಓಣಿಯಾಗ ಅದಕ್ಕ ರೊಕ್ಕ ಹಾಕಬ್ಯಾಡ್ರಿ.

ವಕೀಲ_ನವನಗರ

ಕಾನೂನಿನ ಭಾಗ. ಮೊದಲು ಒಂದು ತಪ್ಪು ತಿಳಿವಳಿಕೆ: "ಕಡಿದ ಮೇಲೆ ನೋಡೋಣ" ಎಂದು ಠಾಣೆಯಲ್ಲೂ ಓಣಿಯಲ್ಲೂ ಹೇಳುತ್ತಾರೆ. ಕಡಿಯುವವರೆಗೆ ಕಾಯಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 291, ತನ್ನ ಸ್ವಾಧೀನದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗುವ ಸಂಭವ ಇರುವಾಗ ಸಾಕಷ್ಟು ಕ್ರಮ ಕೈಗೊಳ್ಳದ ನಿರ್ಲಕ್ಷ್ಯವನ್ನೇ ಅಪರಾಧ ಎನ್ನುತ್ತದೆ. ಶಿಕ್ಷೆ ಆರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೆಯ ದಂಡ ಸಂಹಿತೆಯ 289ರಲ್ಲಿ ದಂಡ 1,000 ಇತ್ತು. ಸೈಕಲ್ ಸವಾರರನ್ನು ಅಟ್ಟಿ ಬೀಳಿಸುವ ನಾಯಿ ಈ ಕಲಮಿನೊಳಗೆ ಬರಬಹುದು. ಅಂಗಳದ ಹೊಲಸು, ಬೊಗಳುವಿಕೆ ಬರುವುದಿಲ್ಲ. ಎರಡನ್ನೂ ಒಂದೇ ದೂರಿನಲ್ಲಿ ಬೆರೆಸಿದರೆ ಓದುವವರು ಹೊಲಸಿನ ಜಗಳ ಎಂದು ಪಕ್ಕಕ್ಕಿಡುತ್ತಾರೆ. ಅಪಾಯದ ದೂರು ಠಾಣೆಗೆ, ಸ್ವಚ್ಛತೆಯ ದೂರು ಪಾಲಿಕೆಯ ನಿಮ್ಮ ವಲಯ ಕಚೇರಿಗೆ, ಬೇರೆ ಬೇರೆ ಹಾಳೆಯಲ್ಲಿ.

ವಲಯ ಕಚೇರಿಗೆ ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ತಾರೀಖಿನ ಸಮೇತ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ಕಡತ ಇರುವುದಿಲ್ಲ. ಒಂದು ತಿಂಗಳು ಸುಮ್ಮನಿದ್ದರೆ ಮಾಹಿತಿ ಹಕ್ಕಿನಡಿ "ಇಂಥ ತಾರೀಖಿನ ನನ್ನ ದೂರಿನ ಮೇಲೆ ಕೈಗೊಂಡ ಕ್ರಮದ ದಾಖಲೆಗಳ ಪ್ರತಿ" ಎಂದು ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು.

ಕ್ಯಾಮೆರಾ ದೃಶ್ಯ ಮುಂದೆ ನ್ಯಾಯಾಲಯಕ್ಕೆ ಹೋಗುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ (ದೃಶ್ಯ ಯಾವ ಸಾಧನದಿಂದ ಇಳಿಸಿದ್ದು ಎಂದು ಬರೆದುಕೊಡುವುದು) ಜೊತೆಗೆ ಬೇಕು. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ತುಣುಕಿಗಿಂತ ಮೂಲ ಡಬ್ಬಿಯಿಂದ ಇಳಿಸಿದ್ದನ್ನು ಇಟ್ಟುಕೊಳ್ಳಿ.

ಇನ್ನು ಪಾಲಿಕೆಯ ನಾಯಿ ಹಿಡಿಯುವ ವಾಹನ. ಅದು ಬೀದಿ ನಾಯಿಗಳಿಗೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ಬೀದಿ ನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಸಾಕಿದ ನಾಯಿಯ ಲಸಿಕೆ, ಜಂತುಹುಳದ ಔಷಧ, ಸಂತಾನಹರಣದ ಹೊಣೆ ಅದೇ ನಿಯಮಗಳ ಪ್ರಕಾರ ಮಾಲೀಕರದು. ಪಟ್ಟಾ ಇರುವ ನಾಯಿಯನ್ನು ಬೀದಿ ನಾಯಿ ಎಂದು ಹೇಳಿ ಹಿಡಿಸಿದರೆ ನಾಳೆ ತಪ್ಪು ನಿಮ್ಮದಾಗುತ್ತದೆ.

ವಿಷದ ಮಾತು ಯಾರ ಬಾಯಲ್ಲೂ ಬರಬಾರದು. ಪ್ರಾಣಿಗೆ ವಿಷ ಹಾಕುವುದು, ಕೊಲ್ಲುವುದು, ಅಂಗ ಊನ ಮಾಡುವುದು ನ್ಯಾಯ ಸಂಹಿತೆಯ ಕಲಂ 325ರಡಿ ಐದು ವರ್ಷದವರೆಗಿನ ಸೆರೆಯ ಅಪರಾಧ. ಓಣಿಯ ವಾಟ್ಸಾಪ್ ಗುಂಪಿನಲ್ಲಿ ಸಿಟ್ಟಿಗೆ ಬರೆದ "ಬಿಸ್ಕೀಟಿನಾಗ ಏನಾರ ಹಾಕ್ರಿ" ಎಂಬ ಒಂದು ಸಾಲು, ನಾಳೆ ಆ ನಾಯಿ ಬೇರೆ ಯಾವುದೋ ಕಾರಣಕ್ಕೆ ಸತ್ತರೂ ನಿಮ್ಮ ಬಾಗಿಲಿಗೆ ಬರುತ್ತದೆ.

ಸಪ್ತಾಪುರ_ಓಣಿ

ವಕೀಲರ, ಒಂದು ಸಂಶೆ. ಅವರು "ಅದು ನಮ್ಮ ನಾಯಿ ಅಲ್ಲ, ಅನ್ನ ಹಾಕ್ತೀವಿ ಅಷ್ಟೇ" ಅಂದ್ರ?

ವಕೀಲ_ನವನಗರ

ಇದು ಬರುವ ಮಾತೇ. ಬೀದಿ ನಾಯಿಗೆ ಅನ್ನ ಹಾಕಿದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ, ಅದನ್ನು ನೆನಪಿಡಿ. ಕಲಂ 291ರ ಪದ "ಸ್ವಾಧೀನ". ಸ್ವಾಧೀನಕ್ಕೆ ಗುರುತುಗಳು: ರಾತ್ರಿ ಅವರ ಕಾಂಪೌಂಡಿನಲ್ಲೇ ಮಲಗುತ್ತದೆ, ಗೇಟು ತೆಗೆದು ಬಿಡುವವರು, ಕರೆದು ಒಳಗೆ ಹಾಕುವವರು ಅವರೇ, ಪಟ್ಟಾ ಅವರದು, ಪಶು ಆಸ್ಪತ್ರೆಯ ಲಸಿಕೆ ಕಾರ್ಡಿನಲ್ಲಿ ಅವರ ಹೆಸರು. ಕಾಕೂ ಹೇಳಿದ ವಹಿ ಇಲ್ಲಿ ಕೆಲಸಕ್ಕೆ ಬರುತ್ತದೆ. ನಾಯಿಯ ಕಿವಿಯನ್ನೂ ನೋಡಿ: ಒಂದು ಕಿವಿಗೆ ಸಣ್ಣ ಕಚ್ಚು ಕತ್ತರಿಸಿದ್ದರೆ ಅದು ಸಂತಾನಹರಣ ಆಗಿ ಮರಳಿ ಬಿಟ್ಟ ಬೀದಿ ನಾಯಿ, ಆಗ ಮಾತು ಪಾಲಿಕೆಯ ಜೊತೆ.

ನಿಮ್ಮ ಉದ್ದೇಶ ಶಿಕ್ಷೆ ಅಲ್ಲ, ಗೇಟು ಮುಚ್ಚಿಸುವುದು. ಅದಕ್ಕೆ ದಾವೆ ಪೂರ್ವ ಸಂಧಾನ, ಅಂದರೆ ಕೇಸು ಹಾಕುವ ಮೊದಲೇ ಕೂತು ರಾಜಿ ಮಾಡಿಕೊಳ್ಳುವುದು, ಒಳ್ಳೆಯ ದಾರಿ. ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ, ಅಲ್ಲಿ ಅರ್ಜಿ ಕೊಟ್ಟರೆ ಇಬ್ಬರನ್ನೂ ಕರೆಸಿ ಕೂರಿಸುತ್ತಾರೆ. ಸಹಾಯವಾಣಿ 15100. ಅಲ್ಲಿ ಬರೆದು ಸಹಿ ಮಾಡಿದ ಒಪ್ಪಂದಕ್ಕೆ ಇರುವ ತೂಕ ಓಣಿಯ ಹಿರಿಯರ ಮುಂದಿನ ಮಾತಿಗೆ ಇರುವುದಿಲ್ಲ.

ಸಿಸ್ಟರ್_ಹಾನಗಲ್

ಇನ್ನೂ ಕಡಿದಿಲ್ಲ ಅಂತ ಬರದೀರಿ. ಕಡಿದ ದಿನ ಹುಡುಕಿ ಓದಾಕ ಪುರಸತ್ತು ಇರೂದಿಲ್ಲ, ಅದಕ್ಕ ಈಗ ಹೇಳ್ತೀನಿ.

ಹಲ್ಲು ತಾಗಿದ ಕೂಡಲೇ ನಳದ ಕೆಳಗ ಗಾಯ ಹಿಡದು ಸೋಪ್ ಹಚ್ಚಿ ಹದಿನೈದು ನಿಮಿಷ ತೊಳೀಬೇಕು. ಗಡಿಯಾರ ನೋಡಿಕೊಂಡು. ಮಂದಿ ಎರಡು ನಿಮಿಷಕ್ಕ ಸಾಕು ಅಂತಾರ. ನಳ ಇಲ್ಲಾಂದ್ರ ತಂಬಿಗಿಯಿಂದ ಸುರಿತಾ ಇರ್ರಿ, ನೀರು ಹರೀತಿರಬೇಕು, ಬಕೆಟ್‌ನಾಗ ಕಾಲು ಅದ್ದಿ ಕೂತರ ಆಗೂದಿಲ್ಲ. ಆಮೇಲೆ ಪೊವಿಡೋನ್ ಅಯೋಡಿನ್ (ಗಾಯಕ್ಕ ಹಚ್ಚೋ ಕಂದು ಬಣ್ಣದ ಔಷಧ). ಅರಿಷಿಣ, ಸುಣ್ಣ, ಖಾರ, ಕಾಫಿಪುಡಿ ಯಾವುದೂ ಹಚ್ಚಬ್ಯಾಡ್ರಿ, ಗಾಯಕ್ಕ ಪಟ್ಟಿ ಬಿಗಿಬ್ಯಾಡ್ರಿ. ಹೊಲಿಗಿ ಸಾಧ್ಯ ಆದಷ್ಟು ತಪ್ಪಸ್ತಾರ, ಹಾಕಲೇಬೇಕಾದ್ರ ಇಮ್ಯುನೊಗ್ಲೋಬ್ಯುಲಿನ್ (ರೇಬಿಸ್ ವಿರುದ್ಧ ತಯಾರಿದ್ದ ಪ್ರತಿಕಾಯದ ಇಂಜೆಕ್ಷನ್) ಕೊಟ್ಟ ಮ್ಯಾಲೆ.

ರಕ್ತ ಬರದ ಪರಚು, ತೆಳು ತರಚು ಇದ್ರ ಎರಡನೇ ದರ್ಜೆ: ಲಸಿಕೆ. ಚರ್ಮ ಹರಿದು ರಕ್ತ ಬಂದಿದ್ರ, ಇಲ್ಲಾ ಕಣ್ಣು ಬಾಯಿಗೆ, ಹಸಿ ಗಾಯಕ್ಕ ಜೊಲ್ಲು ತಾಗಿದ್ರ ಮೂರನೇ ದರ್ಜೆ: ಲಸಿಕೆ ಜೋಡಿ ಇಮ್ಯುನೊಗ್ಲೋಬ್ಯುಲಿನ್, ಅದನ್ನ ಗಾಯದ ಒಳಗ ಸುತ್ತಮುತ್ತ ಚುಚ್ಚತಾರ. ಲಸಿಕೆ ಕೆಲಸ ಸುರು ಮಾಡಾಕ ದಿನ ಹಿಡೀತದ, ಅಲ್ಲಿ ತನಕ ವೈರಸ್ ನರಕ್ಕ ಏರದಂಗ ಇದು ತಡೀತದ. ಅವತ್ತೇ ಸಿಗಲಿಲ್ಲ ಅಂದ್ರ ಮೊದಲ ಲಸಿಕೆಯಿಂದ ಏಳು ದಿನದೊಳಗ ತಗೊಳ್ಳಬಹುದು, ಆಮೇಲೆ ಕೊಡೂದಿಲ್ಲ. ಸರ್ಕಾರಿ ಆಸ್ಪತ್ರೆಯಾಗ ಚರ್ಮದೊಳಗ ಕೊಡೋ ಲಸಿಕೆಗೆ ಮೊದಲ ದಿನವೇ ಸೊನ್ನೆ, ಆಮೇಲೆ 3, 7, 28ನೇ ದಿನ. ಸ್ನಾಯುವಿಗೆ ಕೊಡೋದಾದ್ರ 0, 3, 7, 14, 28. ನಡುವ ಒಂದು ತಪ್ಪಿದ್ರ ಬಿಟ್ಟು ಬಿಡಬ್ಯಾಡ್ರಿ, ನೆನಪಾದ ದಿನ ಹೋಗಿ ಮುಂದುವರಸ್ರಿ. ಹುಬ್ಬಳ್ಳಿ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡ ಜಿಲ್ಲಾ ಆಸ್ಪತ್ರೆ ಎರಡೂ ಕಡೆ ಹೋಗಬಹುದು. ಒಪಿಡಿ ಚೀಟಿಯಾಗ "ಸಾಕಿದ ನಾಯಿ ಕಡಿತ", ಜಾಗ, ಹೊತ್ತು ಬರಸ್ರಿ. ವಕೀಲರು ಹೇಳೋ ಕೇಸಿಗೆ ಅದೇ ಮೊದಲ ಕಾಗದ.

ವಿದ್ಯಾನಗರ_ಬಾಲ್ಕನಿ

ಸಿಸ್ಟರ್, ನಾಯಿಗೆ ವರ್ಷಾ ಲಸಿಕೆ ಹಾಕಿಸ್ಯಾರ ಅಂದ್ರ ಮನುಷ್ಯಾಗ ಬ್ಯಾಡಲ್ಲ?

ಸಿಸ್ಟರ್_ಹಾನಗಲ್

ಬೇಕು. ಕಾರ್ಡ್ ಹುಡುಕಾಕ ಹೋಗಿ ಮೊದಲ ಇಂಜೆಕ್ಷನ್ ತಡ ಮಾಡಬ್ಯಾಡ್ರಿ. ಲಸಿಕೆ ತಂಪಿನಾಗ ಇಡದೇ ಕೆಟ್ಟಿರಬಹುದು, ತಾರೀಖು ಮುಗದಿರಬಹುದು. ರೇಬಿಸ್ ಲಕ್ಷಣ ಬಂದ ಮ್ಯಾಲೆ ಉಳಿಸೋ ಔಷಧ ಇಲ್ಲ. ಇಂಜೆಕ್ಷನ್ ಸುರು ಆಗಲಿ, ಜೋಡಿಗೆ ನಾಯಿನ್ನ ಹತ್ತು ದಿನ ಕಟ್ಟಿ ನೋಡ್ರಿ. ಹತ್ತನೇ ದಿನ ಅದು ಉಂಡು ತಿಂದು ಆರಾಮ ಇದ್ರ ಮುಂದಿನ ಡೋಸ್ ಏನು ಮಾಡೋದು ಡಾಕ್ಟರ್ ಹೇಳ್ತಾರ. ಅದಕ್ಕೇ ಕಡಿದ ನಾಯಿನ್ನ ಯಾರೂ ಹೊಡದು ಕೊಲ್ಲಬಾರದು, ದೂರ ಬಿಟ್ಟು ಬರಬಾರದು. ನಾಯಿ ಕಣ್ಣ ಮುಂದ ಇದ್ರೇ ಗೊತ್ತಾಗೋದು.

ಪಶುವೈದ್ಯ_ಹಾವೇರಿ

ಕಾರ್ಡು ನೋಡುವಾಗ "ಹಾಕಿಸೀವಿ" ಅನ್ನುವ ಮಾತು ಸಾಲದು. ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆಯ ಚೀಟಿ, ಹಾಕಿದ ತಾರೀಖು, ಮುಂದಿನ ತಾರೀಖು, ವೈದ್ಯರ ಸಹಿ ನೋಂದಣಿ ಸಂಖ್ಯೆ ಇರಬೇಕು. ಮರಿಗೆ ಮೂರು ತಿಂಗಳಿಗೆ ಮೊದಲ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಫೈವ್-ಇನ್-ಒನ್ (ಐದು ರೋಗಕ್ಕೆ ಒಂದೇ) ಲಸಿಕೆ ಎಂದು ಹಾಕಿಸುವುದರಲ್ಲಿ ರೇಬಿಸ್ ಸೇರಿರುವುದಿಲ್ಲ, ಬಹಳ ಮನೆಗಳಲ್ಲಿ ಇಲ್ಲೇ ಮೋಸ ಹೋಗುತ್ತಾರೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸು ಪಶು ಆಸ್ಪತ್ರೆಗಳಲ್ಲಿ ಶಿಬಿರ ಇರುತ್ತದೆ, ವಿಚಾರಿಸಿ.

ಟ್ಯೂಷನ್ ಮಕ್ಕಳಿಗೂ ಹೇಳಿ: ನಾಯಿ ಬೆನ್ನತ್ತಿದರೆ ಪೆಡಲ್ ಜೋರು ಮಾಡಬಾರದು. ಸೈಕಲ್ ನಿಲ್ಲಿಸಿ ಇಳಿದು, ಸೈಕಲ್ಲನ್ನು ನಾಯಿಗೂ ತಮಗೂ ನಡುವೆ ಇಟ್ಟುಕೊಂಡು ನಿಲ್ಲಬೇಕು, ಕಣ್ಣಿಗೆ ಕಣ್ಣಿಟ್ಟು ನೋಡಬಾರದು. ಓಟ ನಿಂತರೆ ಮುಧೋಳಕ್ಕೆ ಆಸಕ್ತಿ ಹೋಗುತ್ತದೆ. ಆಮೇಲೆ ಸೈಕಲ್ ತಳ್ಳಿಕೊಂಡು ನಿಧಾನ ನಡೆಯಲಿ.

ಸಪ್ತಾಪುರ_ಓಣಿ

ಎಲ್ಲಾರದೂ ಬರಕೊಂಡೆ. ಕಾಕೂ, ಮಾತಾಡಿ ಬಂದ ಮ್ಯಾಲೆ ಕಾಗದದ ಮ್ಯಾಲೆ ಇರ್ಲಿ ಅಂತ ಒಂದು ಮೆಸೇಜ್ ಹಾಕಬೇಕು. ಹೆಂಗ ಬರೀಲಿ?

ಕೇಶ್ವಾಪುರ_ಕಾಕೂ

ಗುಂಪಿನಾಗ ಹಾಕಬ್ಯಾಡ್ರಿ, ಅವರಿಗೊಬ್ಬರಿಗೇ. ಹಿಂಗ:

"ನಮಸ್ಕಾರ ಅಣ್ಣಾರ. ರವಿವಾರ ಮಾತಾಡಿದ್ದು ಭಾಳ ಛಲೋ ಆತು. ಮುಂಜಾನಿ 6ರಿಂದ 8, ಸಂಜಿ 7ರ ಮ್ಯಾಲೆ ಸಣ್ಣ ಗೇಟಿಗೆ ಚಿಲಕ ಹಾಕಿ ಇಡ್ತೀವಿ ಅಂದ್ರಿ. ಹಿಂದಿನ ಗ್ವಾಡಿ ಕಿಂಡಿ ಈ ತಿಂಗಳ ಕೊನಿಗೆ ಮುಚ್ಚಸ್ತೀವಿ ಅಂದ್ರಿ. ನೀವು ಊರಿಗೆ ಹೋದಾಗ ನಾಯಿಗೆ ಅನ್ನ ನೀರು ನಾವು ನೋಡ್ತೀವಿ, ಕೀಲಿ ಕೊಟ್ಟು ಹೋಗ್ರಿ. ಲಸಿಕೆ ಕಾರ್ಡಿನ ಫೋಟೋ ಒಂದು ಕಳಸ್ರಿ, ಹುಡುಗ್ರ ಮನಿಯವರಿಗೆ ಧೈರ್ಯ ಬರ್ತದ."

ಕಲಂ ಗಿಲಂ ಏನೂ ಬರೀಬ್ಯಾಡ್ರಿ ಇದರಾಗ. ಅವರು ಒಪ್ಪಿಕೊಂಡದ್ದು, ತಾರೀಖು, ನೀವು ಮಾಡಿಕೊಡೋದು, ಇಷ್ಟೇ. ಎರಡು ಸಲ ತಪ್ಪಿದ್ರ ಮೂರನೇದ್ದಕ್ಕ ಕಾಗದ ಬರದು ಸ್ಪೀಡ್ ಪೋಸ್ಟ್ ಮಾಡ್ರಿ, ತಲುಪಿದ ರಸೀದಿ ಇಡ್ರಿ. ಅಲ್ಲಿ ತನಕ ವಹಿ ನಿಲ್ಲಸಬ್ಯಾಡ್ರಿ.

ಸಪ್ತಾಪುರ_ಓಣಿ

ಆತ್ರಿ. ವೆಲ್ಡಿಂಗ್ ಅಣ್ಣಾರ, ಒಂದು ಉಳೀತು. ಅವರ ಗೇಟಿನ ಮುಂದ ಗಟಾರದ ಮ್ಯಾಲೆ ಇಳಿಜಾರು ಅದ. ಗೇಟ್ ಕೆಳಗ ಒಂದು ಕಡೆ ಎರಡು ಇಂಚ್, ಇನ್ನೊಂದು ಕಡೆ ಆರು ಇಂಚ್ ಸಂದಿ. ಜಾಳಿ ಕೆಳಗಿನ ತನಕ ಬಿಟ್ರ ಗೇಟ್ ತಗದಾಗ ನೆಲಕ್ಕ ಹತ್ತತದ. ಏನು ಮಾಡೋದು?

ಗೋಕುಲ್‌ರೋಡ್_ವೆಲ್ಡಿಂಗ್

ಗೇಟ್ ಒಳಗ ತಗೀತೈತೋ ಹೊರಗೋ ಅದನ್ನ ಮೊದಲು ನೋಡ್ರಿ. ಒಳಗ ತಗಿಯೂದಿದ್ದು ಒಳಗಿನ ನೆಲ ಸಪಾಟ ಇದ್ರ, ಆರು ಇಂಚಿನ ಕಡೆ ನಾಕು ಇಂಚ್, ಎರಡು ಇಂಚಿನ ಕಡೆ ಸೊನ್ನೆ ಆಗೂ ಹಂಗ ತಗಡಿನ ಪಟ್ಟಿ ಓರೆ ಕತ್ತರಿಸಿ ಗೇಟಿನ ಬುಡಕ್ಕ ಟಾಕಾ ಹೊಡದ್ರ ಕೆಳಗ ಎಲ್ಲಾ ಕಡೆ ಎರಡು ಇಂಚ್ ಉಳೀತೈತಿ, ಅದ್ರಾಗ ನಾಯಿ ತಲಿ ಹೋಗೂದಿಲ್ಲ. ತಗಡು ಹಚ್ಚೂ ಮೊದಲ ಖಾಕಿ ರಟ್ಟು ಕತ್ತರಿಸಿ ಗೇಟಿಗೆ ಕಟ್ಟಿ, ಪೂರ್ತಿ ತಗದು ಮುಚ್ಚಿ ನೋಡ್ರಿ. ರಟ್ಟು ಎಲ್ಲಿ ನೆಲಕ್ಕ ಹತ್ತಿ ಮಡಚತೈತಿ ಅಲ್ಲಿ ಕತ್ತರಿ ಹಾಕಿ, ಆ ರಟ್ಟಿನ ಅಳತಿಗೇ ತಗಡು ಕತ್ತರಸ್ರಿ. ಹೊರಗ ತಗಿಯೂ ಗೇಟ್ ಇದ್ರ ಪಟ್ಟಿ ಇಳಿಜಾರಿಗೆ ಸಿಕ್ಕತೈತಿ, ಆಗ ತಗಡು ಬ್ಯಾಡ. ಗೇಟ್ ಮುಚ್ಚಿದಾಗ ಅದರ ಬೆನ್ನಿಗೆ ಒಳಗಿನ ನೆಲದಾಗ ನಾಕು ಇಂಚ್ ಎತ್ತರದ ಸಿಮೆಂಟ್ ಹೊಸ್ತಲ ಕಟ್ಟಸ್ರಿ, ಗಾಡಿ ಗಾಲಿ ಏರಾಕ ಎರಡೂ ಕಡೆ ಓರೆ ಮಾಡಿ. ಮಳಿ ನೀರು ನಿಲ್ಲದಂಗ ಅದರ ಬುಡಕ್ಕ ಒಂದು ಇಂಚಿನ ಪೈಪ್ ತುಂಡು ಹುಗಸೂದು ಮರಿಬ್ಯಾಡ್ರಿ.